ಕಿಂಡರ್‌ಗಾರ್ಟ್‌ನರ್ ಅಂದರೆ ಟೀಚರೋ, ಮಗುವೋ?

ಪದಗಳ ಚರಿತ್ರೆಯ ಪೇಪರ್‌ಗೆ ಓದುತ್ತಾ ‘ಕಿಂಡರ್‌ಗಾರ್ಟನ್’ ಹತ್ತಿರ ಎರಡು ದಿನ ಸಿಕ್ಕಿಹಾಕಿಕೊಂಡೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನಿಮಗೂ ಇದೇ ಪೇಪರ್ ಇದ್ದರೆ ಉಪಯೋಗವಾಗಬಹುದು.

ಮೊದಲು ಎಲ್ಲ ಗೈಡುಗಳಲ್ಲೂ ಇರುವ ವಿಷಯ, ಬೇಗ ಮುಗಿಸುತ್ತೇನೆ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ (1782–1852) 1837ರಲ್ಲಿ ಬ್ಲಾಂಕೆನ್‌ಬರ್ಗ್ ಎಂಬ ಊರಿನಲ್ಲಿ ಪುಟ್ಟ ಮಕ್ಕಳಿಗಾಗಿ ಒಂದು ಸಂಸ್ಥೆ ಶುರು ಮಾಡಿದರು. ಆಟವೇ ಅಲ್ಲಿನ ಪಾಠ. ಹೆಸರು ಮಾತ್ರ ಒಂದೇ ಉಸಿರಿಗೆ ಹೇಳಲಾಗದಷ್ಟು ಉದ್ದ. ಹತ್ತಿರದ ಬೆಟ್ಟದ ದಾರಿಯಲ್ಲಿ ಸ್ನೇಹಿತರ ಜೊತೆ ನಡೆಯುವಾಗ ‘ಕಿಂಡರ್‌ಗಾರ್ಟನ್’ ಹೊಳೆಯಿತು ಅನ್ನುವ ಕಥೆಯಿದೆ. 1840ರಲ್ಲಿ ಆ ಹೆಸರೇ ನಿಂತಿತು. ಜರ್ಮನ್‌ನಲ್ಲಿ ಕಿಂಡರ್ ಅಂದರೆ ಮಕ್ಕಳು, ಗಾರ್ಟನ್ ಅಂದರೆ ತೋಟ.

‘ಮಕ್ಕಳ ತೋಟ’ ಅಂತ ಬರೆದುಕೊಂಡು ಮುಂದೆ ಹೋಗಿಬಿಟ್ಟಿದ್ದೆ. ಆಮೇಲೆ ಒಂದು ಅನುಮಾನ ಬಂತು. ಇದು ‘ರಾಯರ ತೋಟ’ದ ಥರವೋ, ‘ತೆಂಗಿನ ತೋಟ’ದ ಥರವೋ? ರಾಯರ ತೋಟದಲ್ಲಿ ರಾಯರು ಬೆಳೆಯುವುದಿಲ್ಲ, ತೋಟ ಅವರದ್ದು ಅಷ್ಟೆ. ತೆಂಗಿನ ತೋಟ ತೆಂಗಿನದ್ದಲ್ಲ, ಅಲ್ಲಿ ಬೆಳೆಯುವುದು ತೆಂಗು. ಫ್ರೋಬೆಲ್ ಮನಸ್ಸಿನಲ್ಲಿದ್ದದ್ದು ಮುಖ್ಯವಾಗಿ ತೆಂಗಿನ ತೋಟದ ಅರ್ಥ. ಮಕ್ಕಳೇ ಗಿಡಗಳು. ಎಳೆದು ಉದ್ದ ಮಾಡಲಾಗುವುದಿಲ್ಲ, ನೀರು ಬಿಸಿಲು ಕೊಟ್ಟು ನೋಡಿಕೊಳ್ಳಬೇಕು. ಆದರೆ ರಾಯರ ತೋಟದ ಅರ್ಥವೂ ಪೂರ್ತಿ ತಪ್ಪಲ್ಲ. ಅಲ್ಲಿ ನಿಜವಾದ ಮಣ್ಣಿನ ತೋಟವೂ ಇರಬೇಕು, ಪ್ರತಿ ಮಗುವಿಗೂ ತನ್ನದೇ ಒಂದು ಪಾತಿ ಇರಬೇಕು ಅನ್ನುವುದು ಅವರ ಯೋಜನೆಯ ಭಾಗವೇ ಆಗಿತ್ತು.

ಈಗ ನಾನು ಎಡವಿದ ಜಾಗ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಬರಹಗಳಲ್ಲಿ ‘ಕಿಂಡರ್‌ಗಾರ್ಟ್‌ನರ್’ಗಳಿಗೆ ತರಬೇತಿ, ‘ಕಿಂಡರ್‌ಗಾರ್ಟ್‌ನರ್’ಗಳ ತರಬೇತಿ ಶಾಲೆ ಅಂತೆಲ್ಲ ಬರುತ್ತದೆ. ನನಗೆ ಗೊತ್ತಿದ್ದ ಅರ್ಥ, ಕಿಂಡರ್‌ಗಾರ್ಟನ್‌ಗೆ ಹೋಗುವ ಐದು ವರ್ಷದ ಮಗು. ಇಷ್ಟು ಸಣ್ಣ ಮಕ್ಕಳಿಗೆ ಎಂಥ ತರಬೇತಿ ಅಂತ ತಲೆ ಕೆರೆದುಕೊಂಡೆ. ಮೂರು ಸಲ ಓದಿದ ಮೇಲೆ ಗೊತ್ತಾಯಿತು, ಅಲ್ಲಿ ಆ ಪದಕ್ಕೆ ಟೀಚರ್ ಅಂತ ಅರ್ಥ!

ಒಂದೇ ಪದ ಕಲಿಸುವವರಿಂದ ಕಲಿಯುವವರಿಗೆ ಹೇಗೆ ದಾಟಿತು? ಪದವನ್ನು ಎಲ್ಲಿ ಕತ್ತರಿಸುತ್ತೀರಿ ಅನ್ನುವುದರಲ್ಲಿದೆ ಗುಟ್ಟು. ಜರ್ಮನ್‌ನಲ್ಲಿ ‘ಗೆರ್ಟ್‌ನರ್’ ಅಂದರೆ ತೋಟಗಾರ. ಅದಕ್ಕೆ ‘ಕಿಂಡರ್’ ಸೇರಿಸಿದರೆ ಮಕ್ಕಳ ತೋಟಗಾರ, ಅಂದರೆ ಟೀಚರ್. ಹೆಂಗಸಾದರೆ ‘ಕಿಂಡರ್‌ಗೆರ್ಟ್‌ನರಿನ್’. ಕತ್ತರಿ ಬೀಳುವುದು ‘ಕಿಂಡರ್’ ಆದ ಮೇಲೆ. ಮಕ್ಕಳು ಗಿಡಗಳಾದ್ದರಿಂದ ಟೀಚರ್ ತೋಟಗಾರ, ಫ್ರೋಬೆಲ್ ಹೋಲಿಕೆಗೆ ಸರಿಯಾಗಿ ಕೂರುತ್ತದೆ. ಇಂಗ್ಲಿಷಿನವರಿಗೆ ಕ್ರಮೇಣ ಒಳಗಿದ್ದ ತೋಟ ಕಾಣದಾಯಿತು. ಅವರಿಗೆ ‘ಕಿಂಡರ್‌ಗಾರ್ಟನ್’ ಅನ್ನುವುದು ಬಿಡಿಸಲಾಗದ ಒಂದೇ ಗಂಟು, ಒಂದು ತರಗತಿಯ ಹೆಸರು. ಅದರ ಕೊನೆಗೆ ‘-ಅರ್’ ಅಂಟಿದರೆ? ಇಂಗ್ಲಿಷಿನ ‘-ಅರ್’ ಎರಡು ಕೆಲಸ ಮಾಡುತ್ತದೆ. ‘ಟೀಚರ್’ನಲ್ಲಿ ಕೆಲಸ ಮಾಡುವವರನ್ನು ತೋರಿಸುತ್ತದೆ. ‘ಲಂಡನರ್’, ‘ವಿಲೇಜರ್’ಗಳಲ್ಲಿ ಆ ಜಾಗದವರನ್ನು ತೋರಿಸುತ್ತದೆ. ಅಮೆರಿಕದಲ್ಲಿ ಒಂದನೇ ಕ್ಲಾಸಿನ ಮಗು ‘ಫಸ್ಟ್ ಗ್ರೇಡರ್’. ಅದೇ ಸಾಲಿನಲ್ಲಿ ಕಿಂಡರ್‌ಗಾರ್ಟನ್‌ನ ಮಗುವೂ ನಿಂತಿತು.

ಕನ್ನಡದಲ್ಲಿ ಈ ಗೊಂದಲ ಹುಟ್ಟುವುದೇ ಇಲ್ಲ. ನಮ್ಮಲ್ಲಿ ‘ತೋಟಗಾರ’ ಬೇರೆ, ‘ತೋಟದವನು’ ಬೇರೆ. ನಾನು ನೆನಪಿಟ್ಟುಕೊಂಡಿರುವುದೂ ಹೀಗೇ: ಹಳೆಯ ಕಿಂಡರ್‌ಗಾರ್ಟ್‌ನರ್ ತೋಟಗಾರ, ಇವತ್ತಿನ ಕಿಂಡರ್‌ಗಾರ್ಟ್‌ನರ್ ತೋಟದವನು. ಡಿಕ್ಷನರಿಗಳಲ್ಲಿ ಎರಡು ಅರ್ಥಗಳೂ ಸಿಗುತ್ತವೆ, ಆದರೆ ಈಗ ಮಾತಿನಲ್ಲಿ ಜಾಸ್ತಿ ಇರುವುದು ಎರಡನೆಯದೇ. ಹೀಬ್ರೂನಲ್ಲಿ ಇಂದಿಗೂ ಶಿಶುವಿಹಾರದ ಟೀಚರ್‌ಗೆ ‘ಗನ್ನೆನೆತ್’ ಅನ್ನುತ್ತಾರೆ. ‘ಗನ್’ ಅಂದರೆ ತೋಟ. ಅಲ್ಲಿ ತೋಟಗಾರ್ತಿ ಕೆಲಸ ಕಳೆದುಕೊಂಡಿಲ್ಲ!

ಪದ ಇಂಗ್ಲಿಷಿಗೆ ಬಂದ ದಾರಿ. ಜರ್ಮನ್ ರಾಜ್ಯವಾದ ಪ್ರಷ್ಯಾದ ಸರ್ಕಾರ 1851ರ ಆಗಸ್ಟ್‌ನಲ್ಲಿ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು, ನಾಸ್ತಿಕತೆ ಕಲಿಸುತ್ತಾರೆ ಅಂತ. ಫ್ರೋಬೆಲ್ ಅವರ ಅಣ್ಣನ ಮಗ ಕಾರ್ಲ್ ಬರೆದದ್ದನ್ನು ಇವರ ತಲೆಗೆ ಕಟ್ಟಿದರು ಅನ್ನುತ್ತಾರೆ. ಮರುವರ್ಷವೇ ಫ್ರೋಬೆಲ್ ತೀರಿಕೊಂಡರು. ನಿಷೇಧ ಎದ್ದದ್ದು 1860ರಲ್ಲಿ. ಅಷ್ಟರಲ್ಲಿ 1848ರ ದಂಗೆ ಸೋತು ದೇಶ ಬಿಟ್ಟ ಜರ್ಮನ್ನರ ಜೊತೆ ಪದ ಸಮುದ್ರ ದಾಟಿತ್ತು. 1851ರಲ್ಲಿ ಬರ್ತಾ ರಾಂಗೆ ಲಂಡನ್ನಿನಲ್ಲಿ ಶುರು ಮಾಡಿದರು. 1856ರಲ್ಲಿ ಅವರ ತಂಗಿ ಮಾರ್ಗರೆಟ್ ಶುರ್ಜ್ ಅಮೆರಿಕದ ವಿಸ್ಕಾನ್ಸಿನ್‌ನ ವಾಟರ್‌ಟೌನ್‌ನಲ್ಲಿ, ಜರ್ಮನ್ ಭಾಷೆಯಲ್ಲೇ. ಅಮೆರಿಕದಲ್ಲಿ ಮೊದಲು ಇಂಗ್ಲಿಷಿನಲ್ಲಿ ನಡೆಸಿದ್ದು 1860ರಲ್ಲಿ ಬಾಸ್ಟನ್ನಿನ ಎಲಿಜಬೆತ್ ಪೀಬಾಡಿ. 1873ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸೂಸನ್ ಬ್ಲೋ ಸರ್ಕಾರಿ ಶಾಲೆಯೊಳಗೇ ತಂದರು. ಹೀಗೆ ಶಾಲೆಯ ಒಳಗೆ ಬಂದಾಗಲೇ ಅದು ತೋಟ ಹೋಗಿ ತರಗತಿಯಾಯಿತು ಅಂತ ನನ್ನ ಊಹೆ.

ಇಂಗ್ಲಿಷಿನವರು ಅನುವಾದಕ್ಕೂ ಕೈ ಹಾಕಿದ್ದರು. 1855ರಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಇದರ ಬಗ್ಗೆ ಬಂದ ಲೇಖನದ ಹೆಸರೇ ‘ಇನ್‌ಫೆಂಟ್ ಗಾರ್ಡನ್ಸ್’. ಅದು ನಿಲ್ಲಲಿಲ್ಲ. ಫ್ರೆಂಚರು, ರಷ್ಯನ್ನರು, ಜಪಾನಿಯರು ತಮ್ಮ ಭಾಷೆಯ ‘ತೋಟ’ವನ್ನೇ ಹಾಕಿಕೊಂಡರು. ಇಂಗ್ಲಿಷ್ ಮಾತ್ರ ಜರ್ಮನ್ ಪದವನ್ನು ಬುಡಸಮೇತ ತಂದು ನೆಟ್ಟಿತು.

ಈಗಿನ ಬಳಕೆ ದೇಶಕ್ಕೊಂದು ಥರ. ಅಮೆರಿಕದಲ್ಲಿ ಅದು ಒಂದನೇ ಕ್ಲಾಸಿಗಿಂತ ಮುಂಚಿನ ಒಂದು ವರ್ಷ, ಅಲ್ಲಿನ ಪೂರ್ತಿ ಶಾಲಾ ಅವಧಿಗೆ ಹೇಳುವ ‘ಕೆ-12’ರಲ್ಲಿರುವ ಕೆ ಅದೇ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಶಾಲೆಯ ಮೊದಲ ವರ್ಷ. ಪಕ್ಕದ ವಿಕ್ಟೋರಿಯಾದಲ್ಲಿ ಶಾಲೆಗೆ ಸೇರುವುದಕ್ಕೂ ಮುಂಚಿನದ್ದು. ಗಡಿ ದಾಟಿದರೆ ಮಗು ಯಾವ ಕ್ಲಾಸು ಅಂತ ಮತ್ತೆ ಕೇಳಬೇಕು. ನಮ್ಮಲ್ಲಿ ಅದು ಎಲ್‌ಕೆಜಿ, ಯುಕೆಜಿ ಆಗಿ ಎರಡು ವರ್ಷಕ್ಕೆ ಹರಡಿದೆ. ಕೊನೆಯ ‘ಜಿ’ ತೋಟ ಅಂತ ಅಡ್ಮಿಷನ್ ಕ್ಯೂನಲ್ಲಿ ನಿಂತ ಯಾರಿಗೆ ನೆನಪಾದೀತು? ಅದೇ ‘ಬಾಲವಾಡಿ’ ನೋಡಿ. ‘ವಾಡಿ’ ಸಂಸ್ಕೃತದ ‘ವಾಟಿಕಾ’ದಿಂದ ಬಂದದ್ದು, ಮರಾಠಿ ಗುಜರಾತಿಗಳಲ್ಲಿ ಅದಕ್ಕೆ ತೋಟ ಅನ್ನುವ ಅರ್ಥವೂ ಇದೆ. ಆ ಲೆಕ್ಕದಲ್ಲಿ ಬಾಲವಾಡಿ ಅಂದರೆ ಮಕ್ಕಳ ತೋಟವೇ. ಇದನ್ನು ಕಂಡುಕೊಂಡಾಗ ನನಗಾದ ಖುಷಿ ಹೇಳತೀರದು.

ಸ್ಪೆಲಿಂಗ್ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯ ಭಾಗದಲ್ಲಿ ಬರುವುದು ‘ಟಿ’, ‘ಡಿ’ ಅಲ್ಲ. ‘ಗಾರ್ಟನ್’, ‘ಗಾರ್ಡನ್’ ಒಂದೇ ಮನೆತನದವು, ಅಮೆರಿಕನ್ನರ ಬಾಯಲ್ಲಿ ಆ ‘ಟ’ ಎಷ್ಟೋ ಸಲ ‘ಡ’ ಥರವೇ ಕೇಳಿಸುತ್ತದೆ. ಅದಕ್ಕೇ ಅವರೂ ತಪ್ಪು ಬರೆಯುತ್ತಾರೆ. ನಾನು ಇಷ್ಟೆಲ್ಲ ಓದಿಯೂ ಮೊನ್ನೆಯ ಟೆಸ್ಟಿನಲ್ಲಿ ‘ಡಿ’ ಹಾಕಿ ಅರ್ಧ ಮಾರ್ಕು ಕಳೆದುಕೊಂಡೆ.