ನಾಲ್ಕು ರಾತ್ರಿ ಆಸ್ಪತ್ರೆಯಲ್ಲಿದ್ದರೂ ಮೆಡಿಕೇರ್ ಲೆಕ್ಕಕ್ಕೆ ಎರಡೇ ದಿನವೇ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಾಗಿ ಇರುವ ಅಮೆರಿಕ ಸರ್ಕಾರದ ಆರೋಗ್ಯ ವಿಮೆ) ಇರುವ ನಮ್ಮ ಅಮ್ಮ ಸೋಮವಾರ ಬಿದ್ದು ಆಸ್ಪತ್ರೆ ಸೇರಿದರು, ಶುಕ್ರವಾರ ಬಿಡುಗಡೆಯಾದರು. ಅಲ್ಲಿಂದ ನೇರವಾಗಿ ನರ್ಸಿಂಗ್ ಕೇಂದ್ರಕ್ಕೆ ಸೇರಿಸಿದೆವು. ಈಗ ಆ ಕೇಂದ್ರದ ಬಿಲ್ ಪೂರ್ತಿ ನಮ್ಮ ಮೇಲೆ ಬಿದ್ದಿದೆ. ಮೊದಲ ಎರಡು ದಿನ ಅಮ್ಮ ‘ಅಬ್ಸರ್ವೇಷನ್’ನಲ್ಲಿದ್ದರಂತೆ. ಹಾಗೆಂದರೇನು?

ಉತ್ತರ: ದಾಖಲಿಸಿಕೊಳ್ಳಬೇಕೇ ಎಂದು ತೀರ್ಮಾನಿಸುವವರೆಗೆ ರೋಗಿಯನ್ನು ನಿಗಾದಲ್ಲಿಡುವುದೇ ಅಬ್ಸರ್ವೇಷನ್. ಮಂಚ, ಸಲೈನ್, ಕೈಗೆ ಕಟ್ಟಿದ ಪಟ್ಟಿ ಎಲ್ಲವೂ ಇದ್ದರೂ ಆ ಎರಡು ದಿನ ನಿಮ್ಮ ತಾಯಿ ಕಾಗದದ ಮೇಲೆ ಹೊರರೋಗಿ. ಒಳರೋಗಿಯಾಗುವುದು ವೈದ್ಯರು ದಾಖಲಾತಿಯ ಆದೇಶ ಬರೆದಾಗ ಮಾತ್ರ. ಭಾರತದ ವಿಮೆಯಲ್ಲಿ 24 ಗಂಟೆ ಕಳೆಯಿತೇ ಎಂದು ಗಡಿಯಾರ ನೋಡಿ ರೂಢಿಯಾದವರು ಇಲ್ಲಿ ಎಡವುವುದು ಸಹಜ.

ನರ್ಸಿಂಗ್ ಕೇಂದ್ರದ ಖರ್ಚನ್ನು ಮೆಡಿಕೇರ್‌ನ ಪಾರ್ಟ್ ಎ (ಒಳರೋಗಿ ಆರೈಕೆಯ ಖರ್ಚು ನೋಡಿಕೊಳ್ಳುವ ಭಾಗ) ಕೊಡಬೇಕಾದರೆ, ಅದಕ್ಕೆ ಮೊದಲು ಸತತ ಮೂರು ದಿನ ಒಳರೋಗಿಯಾಗಿರಬೇಕು. ಬಿಡುಗಡೆಯ ದಿನ ಲೆಕ್ಕಕ್ಕಿಲ್ಲ. ಅಬ್ಸರ್ವೇಷನ್ ದಿನಗಳೂ ಇಲ್ಲ. ನಿಮ್ಮ ತಾಯಿಗೆ ಆದೇಶ ಬಂದದ್ದು ಬುಧವಾರವಾದರೆ ಸಿಕ್ಕಿದ್ದು ಬುಧವಾರ ಮತ್ತು ಗುರುವಾರ, ಅಷ್ಟೇ. ಇನ್ನೊಂದು ದಿನ ಕೂಡಿದ್ದರೆ ಮೊದಲ 20 ದಿನಗಳ ಖರ್ಚು ಪೂರ್ತಿಯಾಗಿ ಮೆಡಿಕೇರ್‌ನದಾಗುತ್ತಿತ್ತು.

ಆಸ್ಪತ್ರೆಗಳು ಹೀಗೇಕೆ ಮಾಡುತ್ತವೆ? 2013ರಿಂದ ಇರುವ ನಿಯಮದಂತೆ, ರೋಗಿಗೆ ಎರಡು ಮಧ್ಯರಾತ್ರಿ ದಾಟುವಷ್ಟು ಆಸ್ಪತ್ರೆಯ ಆರೈಕೆ ಬೇಕಾಗುತ್ತದೆ ಎಂದು ವೈದ್ಯರಿಗೆ ಅನ್ನಿಸಿದರೆ ಒಳರೋಗಿ ಮಾಡಬಹುದು. ಇಲ್ಲದಿದ್ದರೆ ಸಾಮಾನ್ಯವಾಗಿ ಅಬ್ಸರ್ವೇಷನ್. ಅನಗತ್ಯವಾಗಿ ದಾಖಲಿಸಿಕೊಂಡರೆಂದು ಲೆಕ್ಕ ತಪಾಸಣೆಯವರು ಕೊಟ್ಟ ಹಣವನ್ನು ವಾಪಸು ಕೇಳುತ್ತಾರೆಂಬ ಭಯವೂ ಇದರ ಹಿಂದಿದೆ. ಆ ಭಯದ ಬೆಲೆಯನ್ನು ರೋಗಿ ತೆರುವುದು ನನಗಂತೂ ನ್ಯಾಯವೆನಿಸುವುದಿಲ್ಲ.

ಅಬ್ಸರ್ವೇಷನ್ 24 ಗಂಟೆ ಮೀರಿದರೆ, ಅದು ಶುರುವಾದ 36 ಗಂಟೆಗಳೊಳಗೆ ಆಸ್ಪತ್ರೆ ನೀವು ಹೊರರೋಗಿ ಎಂದು ತಿಳಿಸುವ ‘ಮೂನ್’ ಎಂಬ ನೋಟಿಸ್ ಕೊಟ್ಟು, ಬಾಯಿಮಾತಿನಲ್ಲೂ ವಿವರಿಸಬೇಕು. 2017ರಿಂದ ಇದು ಕಡ್ಡಾಯ. ಹತ್ತಾರು ಕಾಗದಗಳ ನಡುವೆ ಇದಕ್ಕೂ ಸಹಿ ಹಾಕಿಸಿಕೊಂಡಿರಬಹುದು, ಹುಡುಕಿ ನೋಡಿ. ಸಹಿಯ ಅರ್ಥ ನೋಟಿಸ್ ತಲುಪಿತು ಎಂದಷ್ಟೇ.

ಮೇಲ್ಮನವಿಯ ದಾರಿ ಕಿರಿದು. ಮೊದಲು ಒಳರೋಗಿಯಾಗಿ ದಾಖಲಿಸಿ, ಆಮೇಲೆ ಆಸ್ಪತ್ರೆಯೇ ಅಬ್ಸರ್ವೇಷನ್‌ಗೆ ಇಳಿಸಿದವರಲ್ಲಿ ಹಲವರಿಗೆ, 2011ರಲ್ಲಿ ಆರಂಭವಾದ ಮೊಕದ್ದಮೆಯೊಂದರ ಫಲವಾಗಿ, 2025ರಿಂದ ಆ ಹಕ್ಕು ಜಾರಿಗೆ ಬಂದಿದೆ. ನಿಮ್ಮ ತಾಯಿಯದು ತದ್ವಿರುದ್ಧ ಕ್ರಮ, ಹಾಗಾಗಿ ಅದು ನೆರವಿಗೆ ಬಾರದು. ಆದರೆ ಅವರದು ಖಾಸಗಿ ವಿಮಾ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆಯೇ ಎಂದು ಮೊದಲು ನೋಡಿ. ಅಂಥ ಅನೇಕ ಯೋಜನೆಗಳು ಮೂರು ದಿನದ ಷರತ್ತನ್ನು ಹಾಕುವುದೇ ಇಲ್ಲ. ಸಾಂಪ್ರದಾಯಿಕ ಮೆಡಿಕೇರ್ ಆಗಿದ್ದು ಪಾರ್ಟ್ ಬಿ (ವೈದ್ಯರ ಮತ್ತು ಹೊರರೋಗಿ ಸೇವೆಗಳ ಭಾಗ) ಇದ್ದರೆ, ಕೇಂದ್ರದಲ್ಲಿ ಕೊಟ್ಟ ಫಿಸಿಯೋಥೆರಪಿಯನ್ನಾದರೂ ಅದರಡಿ ಬಿಲ್ ಮಾಡಲು ಸಾಧ್ಯವೇ ಎಂದು ಅಲ್ಲಿನ ಬಿಲ್ಲಿಂಗ್ ವಿಭಾಗವನ್ನು ಕೇಳಿ. ಮನೆಯಿಂದ ಹೊರಹೋಗಲು ಕಷ್ಟವಾಗಿರುವವರಿಗೆ ಮನೆಗೇ ಬರುವ ನರ್ಸ್ ಮತ್ತು ಥೆರಪಿ ಸೇವೆಗೂ ಮೂರು ದಿನದ ಷರತ್ತಿಲ್ಲ. ವೈದ್ಯರ ಆದೇಶ ಬೇಕು.

ಮುಂದೆ ಎಂದಾದರೂ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, “ಅಮ್ಮ ಈಗ ಇನ್‌ಪೇಷೆಂಟ್ ಆಗಿದ್ದಾರೆಯೇ, ಅಬ್ಸರ್ವೇಷನ್‌ನಲ್ಲಿದ್ದಾರೆಯೇ?” ಎಂದು ದಿನವೂ ಕೇಳಿ. ಅಬ್ಸರ್ವೇಷನ್ ಎಂದರೆ ಚಿಕಿತ್ಸೆ ನೀಡುತ್ತಿರುವ ವೈದ್ಯರ ಬಳಿ ಕಾರಣ ಕೇಳಿ, ದಾಖಲಿಸಿಕೊಳ್ಳಲು ವಿನಂತಿಸಿ. ಅವರ ಖಾಯಂ ವೈದ್ಯರಿಂದಲೂ ಒಂದು ಮಾತು ಹೇಳಿಸಿ. ಬಿಡುಗಡೆಯಾದ ಮೇಲೆ ಇದನ್ನು ತಿದ್ದಿಸುವುದು ಬಹಳ ಕಷ್ಟ.

ಇನ್ನೊಂದು ವಿಷಯ. ಅಬ್ಸರ್ವೇಷನ್ ಸಮಯದಲ್ಲಿ ಆಸ್ಪತ್ರೆ ಕೊಟ್ಟ ಬಿಪಿ, ಸಕ್ಕರೆ ಕಾಯಿಲೆಯಂಥ ನಿತ್ಯದ ಮಾತ್ರೆಗಳಿಗೆ ಪಾರ್ಟ್ ಬಿ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಪಾರ್ಟ್ ಡಿ (ಔಷಧಿಗಳ ವಿಮೆ) ಇದ್ದರೆ ರಸೀದಿ ಸಮೇತ ಅಲ್ಲಿ ಕ್ಲೇಮ್ ಹಾಕಿ; ಸ್ವಲ್ಪವಾದರೂ ವಾಪಸು ಬರಬಹುದು.