ಮಾಳಿಗೆಯ ಮಣ್ಣಿನಿಂದ ಥರ್ಮಾಕೋಲ್‌ವರೆಗೆ: ತಂಪು ಹುಡುಕುತ್ತಾ ಬೆಂಕಿ ಮರೆತ ಬಗೆ

ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ಬರೀ ತಗಡಿನ ಕೆಳಗೆ ಮಲಗುವುದು ಆಗದ ಮಾತು. ಹೊರಗೆ 42 ಡಿಗ್ರಿ ಇದ್ದರೆ ತಗಡಿನ ಮೈ 60 ದಾಟುತ್ತದೆ. ಅದಕ್ಕೇ ಬಳ್ಳಾರಿ, ಕೊಪ್ಪಳ, ಸಿಂಧನೂರು ಎಲ್ಲಿ ನೋಡಿದರೂ ಯುಗಾದಿ ಹೊತ್ತಿಗೆ ಥರ್ಮಾಕೋಲ್ ಹಾಳೆಗಳು ಟಂಟಂ ಏರಿ ಮನೆ ಸೇರುತ್ತವೆ. ಅಂಗಡಿಯಲ್ಲಿ ಕೇಳುವ ಪ್ರಶ್ನೆ ‘ಎಷ್ಟು ತಂಪಾಗುತ್ತೆ?’ ಎಂಬುದೊಂದೇ. ಬೆಂಕಿ ಹತ್ತಿದರೆ ಏನಾದೀತು ಎಂದು ಕೇಳುವವರು ಅಪರೂಪ. ಹಾಗೆ ಕೇಳುವ ಅಗತ್ಯವೇ ಇಲ್ಲದ ಕಾಲವೊಂದಿತ್ತು.

ಹಳೆಯ ಮಾಳಿಗೆ ಮನೆಯಲ್ಲಿ ಎರಡೂ ಪ್ರಶ್ನೆಗೆ ಮಣ್ಣೇ ಉತ್ತರ. ತೊಲೆ, ಅದರ ಮೇಲೆ ಜಂತಿ, ಹಲಗೆ ಅಥವಾ ಸೀಳಿದ ಕಟ್ಟಿಗೆ, ಸೊಪ್ಪು, ಆಮೇಲೆ ಅಡಿಯಷ್ಟು ದಪ್ಪ ಮಣ್ಣು. ಮಳೆಗಾಲಕ್ಕೆ ಮೊದಲು ಸವಳು ಮಣ್ಣಿನ ಹೊದಿಕೆ. ಹಗಲಿನ ಕಾವು ಅದನ್ನು ದಾಟಿ ಪಡಸಾಲೆಗೆ ಇಳಿಯುವಷ್ಟರಲ್ಲಿ ರಾತ್ರಿಯಾಗಿರುತ್ತಿತ್ತು. ಮಣ್ಣು ಉರಿಯುವುದಿಲ್ಲ. ತೊಲೆ ಉರಿಯುತ್ತದೆ ನಿಜ, ಆದರೆ ದಪ್ಪ ತೊಲೆಯ ಹೊರಮೈ ಇದ್ದಿಲಾಗಿ ಒಳಗಿನ ಕಟ್ಟಿಗೆಯನ್ನು ಕಾಯುತ್ತದೆ. ಬೆಂಕಿ ಒಳಕ್ಕೆ ಸಾಗುವುದು ನಿಮಿಷಕ್ಕೆ ಮುಕ್ಕಾಲು ಮಿಲಿಮೀಟರ್ ಇದ್ದರೆ ಹೆಚ್ಚು. ಮನೆಮಂದಿ ಹೊರಗೆ ಓಡಿಬರಲು ಪುರುಸೊತ್ತು ಸಿಗುತ್ತಿತ್ತು.

ಮುಂದೆ ಮರ ದುಬಾರಿಯಾಯಿತು, ವರ್ಷವರ್ಷ ಮಣ್ಣು ಹೊರುವ ಕೈಗಳು ಕಡಿಮೆಯಾದವು, ಸಿಮೆಂಟ್ ಶೀಟು, ತಗಡು, ಆರ್‌ಸಿಸಿ ಒಂದರ ಹಿಂದೊಂದು ಬಂದವು. 2009ರ ಮಹಾಮಳೆಯಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದ ಮೇಲೆ ಮಾಳಿಗೆಯ ಮೇಲಿದ್ದ ನಂಬಿಕೆಯೂ ಹೋಯಿತು. ಹೋದದ್ದು ನ್ಯಾಯವೇ. ಆದರೆ ಮಣ್ಣಿನ ಜೊತೆ ಹೋದ ತಂಪಿಗೆ ಬದಲಿ ಹುಡುಕಿದಷ್ಟು ಕಾಳಜಿಯಿಂದ, ಅದು ಕೊಡುತ್ತಿದ್ದ ಬೆಂಕಿತಡೆಗೆ ಬದಲಿ ಹುಡುಕಲಿಲ್ಲ.

ಥರ್ಮಾಕೋಲ್ ಅಗ್ಗ, ಹಗುರ, ಬ್ಲೇಡಿನಿಂದ ಕೊಯ್ಯಬಹುದು. ಅದರ ನೂರರಲ್ಲಿ 98 ಭಾಗ ಗಾಳಿ. ಉಳಿದದ್ದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಅಷ್ಟೇ ದಪ್ಪದ ಕಾಂಕ್ರೀಟಿಗೆ ಹೋಲಿಸಿದರೆ ಅದು ದಾಟಿಸುವ ಶಾಖ ಸುಮಾರು 40 ಪಟ್ಟು ಕಡಿಮೆ. ತೊಡಕು ಶುರುವಾಗುವುದು 80 ಡಿಗ್ರಿಯ ಆಸುಪಾಸಿನಲ್ಲಿ: ಹಾಳೆ ಮೆತ್ತಗಾಗುತ್ತದೆ. ನಮ್ಮ ಬಿಸಿಲಿನಲ್ಲಿ ತಗಡಿಗೆ ನೇರ ಅಂಟಿಸಿದ ಹಾಳೆ ಆ ಗಡಿಯ ಹತ್ತಿರವೇ ದಿನ ಕಳೆಯುತ್ತದೆ. ಬಾಗುತ್ತದೆ, ಅಂಟು ಬಿಡುತ್ತದೆ, ಸಂದಿಯಲ್ಲಿ ಇಲಿ ಸೇರುತ್ತದೆ. ಬೆಂಕಿ ತಗುಲಿದರೆ ಮೊದಲು ಕರಗಿ ಹಿಂದೆ ಸರಿಯುತ್ತದೆ, ಆಮೇಲೆ ಉರಿಯುವ ಹನಿಗಳಾಗಿ ಸೊಳ್ಳೆ ಪರದೆ, ಹಾಸಿಗೆಯ ಮೇಲೆ ಬೀಳುತ್ತದೆ. ದಟ್ಟ ಕಪ್ಪು ಹೊಗೆಯಲ್ಲಿ ಬಾಗಿಲು ಎಲ್ಲಿದೆ ಎಂದೇ ಕಾಣುವುದಿಲ್ಲ. ಬಳ್ಳಾರಿಯಲ್ಲಿ ಮಹಡಿ ಮೇಲಿನ ಶೆಡ್ಡಿನಲ್ಲಿ ಜೀನ್ಸ್ ಹೊಲಿಯುವ ಕಡೆ ಇದೇ ಚಾವಣಿ ಇದ್ದು, ಕೆಳಗೆ ಬಟ್ಟೆ ಚೂರು, ನೂಲಿನ ಧೂಳು, ಇಸ್ತ್ರಿ ಪೆಟ್ಟಿಗೆ, ಇಳಿಯಲು ಒಂದೇ ಮೆಟ್ಟಿಲು ಇದ್ದರೆ ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕಣ್ಣಿಗೆ ಬೀಳದ ಇನ್ನೊಂದು ಕೇಡು ವೈರಿನದು. ಪಿವಿಸಿ ವೈರು ಥರ್ಮಾಕೋಲ್‌ಗೆ ತಾಗಿಕೊಂಡೇ ಇದ್ದರೆ ವೈರನ್ನು ಮೆದುವಾಗಿಡುವ ಎಣ್ಣೆಯಂಥ ಅಂಶ ಹಾಳೆಗೆ ಇಳಿಯುತ್ತದೆ. ವರ್ಷಗಳಾದಂತೆ ವೈರಿನ ಹೊದಿಕೆ ಗಡುಸಾಗಿ ಸೀಳುತ್ತದೆ. ಹಾಳೆಯಲ್ಲಿ ವೈರಿನ ಅಚ್ಚು ಕರಗಿ ಮೂಡಿರುತ್ತದೆ. ಅದರ ಮೇಲೆ ಒಂದೂವರೆ ಟನ್ ಎಸಿಯನ್ನು 1.5 ಚದರ ಮಿಲಿಮೀಟರ್ ವೈರಿಗೆ ಕೊಟ್ಟರೆ, ಆ ಬಿಸಿಗೆ ಹೊರಹೋಗಲು ಹಾದಿಯೂ ಇರುವುದಿಲ್ಲ. ಎಸಿಗೆ 4 ಚದರ ಮಿಲಿಮೀಟರಿನ ಪ್ರತ್ಯೇಕ ತಾಮ್ರದ ವೈರು, ಅದಕ್ಕೊಂದು ಪೈಪು, ಅದರದೇ 20 ಆಂಪಿಯರ್ ಎಂಸಿಬಿ (ಹೊರೆ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್ಚು), ಮನೆಗೆಲ್ಲ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್ಚು): ಚಾವಣಿಯ ಹಾಳೆ ಆರಿಸುವ ಮುನ್ನವೇ ಇವು ಆಗಿರಬೇಕು.

ಫ್ಯಾಕ್ಟರಿ, ಶೀತಲಗೃಹಗಳ ಪಫ್ ಪ್ಯಾನೆಲ್, ಅಂದರೆ ಎರಡು ತಗಡಿನ ನಡುವೆ ಪಾಲಿಯುರೆಥೇನ್ ಫೋಮ್ ತುಂಬಿದ ಹಲಗೆ, ಆಮೇಲೆ ಮನೆಗೂ ಇಳಿಯಿತು. ಅದು ಥರ್ಮಾಕೋಲಿಗಿಂತ ಚೆನ್ನಾಗಿ ಶಾಖ ತಡೆಯುತ್ತದೆ, ಸುಟ್ಟರೆ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಬಿಡುತ್ತದೆ. ಎರಡೂ ಬದಿ ತಗಡು ಇರುವವರೆಗೆ ಧೈರ್ಯ. ಕೊಯ್ದ ಅಂಚು ಬಯಲಾಗಿ ಬಿಟ್ಟರೆ ಆ ಧೈರ್ಯಕ್ಕೆ ಆಧಾರವಿಲ್ಲ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 72 ಜನ ಸತ್ತದ್ದು ಹೊರಗೋಡೆಯ ಪ್ಲಾಸ್ಟಿಕ್ ತುಂಬಿದ ಹಲಗೆ ಮತ್ತು ಫೋಮ್ ಹೊತ್ತಿಕೊಂಡು. 2024ರ ಮೇನಲ್ಲಿ ರಾಜ್‌ಕೋಟ್‌ನ ಗೇಮ್ ಜೋನ್‌ನಲ್ಲಿ ವೆಲ್ಡಿಂಗ್ ಕಿಡಿಯಿಂದ ಹಬ್ಬಿದ ಬೆಂಕಿಗೆ 27 ಜನ ಬಲಿಯಾದರು.

ನಿಯಮಗಳು ಇಲ್ಲವೆಂದಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಪೂರ್ತಿ ಬೆಂಕಿಯದೇ. 2018ರ ಇಕೋ ನಿವಾಸ ಸಂಹಿತೆ ಚಾವಣಿಯ ಶಾಖ ದಾಟುವಿಕೆ, ಒಳಹೊರಗಿನ ಒಂದು ಡಿಗ್ರಿ ವ್ಯತ್ಯಾಸಕ್ಕೆ, ಚದರ ಮೀಟರಿಗೆ 1.2 ವ್ಯಾಟ್ ಮೀರಬಾರದು ಎನ್ನುತ್ತದೆ. ಬರೀ ಆರ್‌ಸಿಸಿ ಸ್ಲ್ಯಾಬಿನದು 3ಕ್ಕಿಂತ ಮೇಲೆ. ಆದರೆ ಒಂದು ಪುಸ್ತಕ ಬೆಂಕಿಯನ್ನು, ಇನ್ನೊಂದು ಸೆಕೆಯನ್ನು ನೋಡುತ್ತದೆ. 30×40 ಅಡಿ ಸೈಟಿನ ಮನೆಗೆ ಬಂದು ಚಾವಣಿ ಎತ್ತಿ ನೋಡುವವರು ಇಲ್ಲ. ಆಯ್ಕೆಯ ಭಾರವೆಲ್ಲ ಗೌಂಡಿ ಮತ್ತು ಮನೆಯವರ ಹೆಗಲಿಗೇ ಬಿದ್ದಿದೆ.

ಆರ್‌ಸಿಸಿ ಮನೆಗೆ ದಾರಿ ಸುಲಭ: ತಡೆ ಸ್ಲ್ಯಾಬಿನ ಮೇಲಿರಲಿ. ಇಟ್ಟಿಗೆ ಚೂರು, ಸುಣ್ಣದ ನಾಲ್ಕಿಂಚು ಪದರ, ಅದರ ಮೇಲೆ ಬಿಳಿ ಟೈಲ್ಸ್ ಅಥವಾ ವರ್ಷಕ್ಕೊಮ್ಮೆ ಎರಡು ಕೈ ಸುಣ್ಣ. ಫೋಮ್ ಹಾಳೆಯೇ ಬೇಕೆಂದರೂ ಅದರ ಮೇಲೆ ಎರಡಿಂಚು ಕಾಂಕ್ರೀಟ್ ಬಿದ್ದರೆ, ಕೆಳಗಿನ ಕೋಣೆಗೂ ಅದಕ್ಕೂ ನಡುವೆ ಇಡೀ ಸ್ಲ್ಯಾಬ್ ಇರುತ್ತದೆ. ಅದೇ ಹಾಳೆ ಸ್ಲ್ಯಾಬಿನ ಕೆಳಗೆ ಬಂದರೆ ಮಲಗಿದವರ ತಲೆಯ ಮೇಲಿರುತ್ತದೆ. ಗೋಡೆ ಹೊಸದಾದರೆ ಹಾರುಬೂದಿಯ ಎಎಸಿ ಬ್ಲಾಕ್ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಇಟ್ಟಿಗೆ) ಉರಿಯುವುದೂ ಇಲ್ಲ, ಶಾಖವನ್ನೂ ತಕ್ಕಮಟ್ಟಿಗೆ ತಡೆಯುತ್ತದೆ.

ತಗಡಿನ ಮನೆಗಾದರೆ, ತಗಡಿನ ಕೆಳಗೆ ರಾಕ್‌ವೂಲ್ ಅಥವಾ ಗ್ಲಾಸ್‌ವೂಲ್, ಅಂದರೆ ಕಲ್ಲು ಅಥವಾ ಗಾಜು ಕರಗಿಸಿ ಎಳೆದ ಉಣ್ಣೆ. 20×30 ಅಡಿ ಚಾವಣಿಗೆ 50 ಮಿಲಿಮೀಟರ್ ದಪ್ಪ, ಘನ ಮೀಟರಿಗೆ 48 ಕೆ.ಜಿ. ಸಾಂದ್ರತೆಯ ರಾಕ್‌ವೂಲ್ ಸುಮಾರು 135 ಕೆ.ಜಿ. ಬೇಕು, ಭಾರ ಹೊರಲು ಜಿಐ (ಸತು ಲೇಪಿತ ಉಕ್ಕಿನ) ಚಾನೆಲ್, ಕೆಳಗೆ ಕೋಳಿಬಲೆ, ಅದಕ್ಕೂ ಕೆಳಗೆ 12.5 ಮಿಲಿಮೀಟರ್ ಜಿಪ್ಸಮ್ ಬೋರ್ಡ್. ತಗಡಿಗೂ ಉಣ್ಣೆಗೂ ನಡುವೆ ಒಂದಿಂಚು ಬಿಡಬೇಕು. ಒದ್ದೆಯಾದ ಉಣ್ಣೆ ಶಾಖ ತಡೆಯುವುದಿಲ್ಲ, ಹಾಗಾಗಿ ಸೋರುವ ಮೊಳೆತೂತು ಮೊದಲೇ ಮುಚ್ಚಿರಬೇಕು. ಹಾಕುವವರಿಗೆ ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಕಡ್ಡಾಯ. ವೆಲ್ಡಿಂಗ್ ಎಲ್ಲ ಮುಗಿದು, ಒಂದು ತಾಸು ಕಾದು, ಆಮೇಲೆ ಉಣ್ಣೆ-ಬೋರ್ಡ್.

ಗಂಗಾವತಿ, ಕಾರಟಗಿ ಕಡೆ ಅಕ್ಕಿ ಗಿರಣಿಯ ಹೊಟ್ಟು ಬೇಕಾದಷ್ಟಿದೆ, ಚಾವಣಿಯಲ್ಲಿ ತುಂಬಿದರಾಯಿತು ಅನಿಸುವುದು ಸಹಜ. ಬೇಡ. ಹೊಟ್ಟು ಜ್ವಾಲೆ ಎಬ್ಬಿಸದೆ ಒಳಗೊಳಗೇ ದಿನಗಟ್ಟಲೆ ಕನಲುತ್ತದೆ; ನಂದಿತು ಎಂದುಕೊಂಡ ಮೇಲೂ ಮತ್ತೆ ಹೊತ್ತುತ್ತದೆ.

ಥರ್ಮಾಕೋಲ್ ತಂದೇ ಆಗಿದ್ದರೆ, ಐಎಸ್ 4671 ಮಾನಕದಲ್ಲಿ ಎನ್ (ಸಾಮಾನ್ಯ) ಮತ್ತು ಎಸ್‌ಇ (ಕಿಚ್ಚು ತೆಗೆದರೆ ತಾನೇ ಆರುವ) ಎಂಬ ಎರಡು ಬಗೆ ಇವೆ ಎಂಬುದು ತಿಳಿದಿರಲಿ. ಬೆರಳುದ್ದದ ಚೂರನ್ನು ಇಕ್ಕಳದಲ್ಲಿ ಹಿಡಿದು ಬಯಲಲ್ಲಿ, ಮರಳಿನ ಮೇಲೆ ಕಡ್ಡಿ ಗೀರಿ ತೋರಿಸಿ: ಕಡ್ಡಿ ತೆಗೆದ ಮೇಲೂ ಉರಿದರೆ ಅದು ಮನೆಯೊಳಗೆ ಬೇಡ. ಆರಿದರೆ ಅದು ಕಡ್ಡಿಯ ಮಟ್ಟಿಗಷ್ಟೇ ಭರವಸೆ, ಉರಿಯುವ ಹಾಸಿಗೆಯ ಮುಂದೆ ಎಸ್‌ಇ ಹಾಳೆಯೂ ನಿಲ್ಲುವುದಿಲ್ಲ.

ಈಗ ಕಳವಳ ಹುಟ್ಟಿಸುವುದು ಉಳಿದಿರುವ ಮಾಳಿಗೆ ಮನೆಗಳು. ಮಣ್ಣು ಉದುರುತ್ತದೆಂದು ಜಂತಿಯ ಕೆಳಗೆ ಥರ್ಮಾಕೋಲ್ ಬಡಿದ ಮನೆಯಲ್ಲಿ ತೊಲೆಯ ಕೆಳಗೇ ಪುರುಳೆ ಒಟ್ಟಿಟ್ಟಂತಾಗಿದೆ. ಅಲ್ಲಿ ಹಾಳೆ ಇಳಿಸಿ, ಜಂತಿಗಳ ನಡುವೆ ಎಳೆದ ಹಳೆಯ ವೈರನ್ನು ಪೂರ್ತಿ ಬದಲಿಸಿ, ಗೆದ್ದಲು ತಿಂದ ಜಂತಿ ತಟ್ಟಿ ನೋಡಿ, ಆಮೇಲೆ ಜಿಪ್ಸಮ್ ಬೋರ್ಡ್ ಹೊಡೆಸಬೇಕು. ತಂಪಿಗೆ ಬೇರೇನೂ ಬೇಕಾಗಿಲ್ಲ, ಮೇಲೆ ಅಡಿ ದಪ್ಪ ಮಣ್ಣಿದೆ.