ಹಾರ್ನ್ ಹೊಡೆದರೆ ಸೈಕಲ್ ನಿಮ್ಮ ಕಡೆಗೇ ಬರುತ್ತದೆ

ಮೊನ್ನೆ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ರಸ್ತೆಯಲ್ಲಿ ಒಬ್ಬ ಹುಡುಗನಿಗೆ ಕಾರು ಕಲಿಸುತ್ತಿದ್ದೆ. ಮುಂದೆ ಒಬ್ಬರು ಅಜ್ಜ ಸೈಕಲ್‌ನಲ್ಲಿ ಹೋಗುತ್ತಿದ್ದರು. ಹಿಂದೆ ಕ್ಯಾರಿಯರ್‌ನಲ್ಲಿ ಹುಲ್ಲಿನ ಕಟ್ಟು. ಹುಡುಗ ತೀರಾ ಹತ್ತಿರ ಹೋಗಿ ಉದ್ದಕ್ಕೆ ಹಾರ್ನ್ ಹೊಡೆದ. ಅಜ್ಜ ಬಲಕ್ಕೆ ತಿರುಗಿ ನೋಡಿದರು. ಸೈಕಲ್ ಕೂಡ ಎರಡು ಮೊಳ ಬಲಕ್ಕೆ ಬಂತು. ನನ್ನ ಕಾಲಿನ ಹತ್ತಿರವೂ ಒಂದು ಬ್ರೇಕ್ ಇರುತ್ತದೆ. ಅದನ್ನು ಒತ್ತಿದ್ದರಿಂದ ಕಾರು ನಿಂತಿತು.

ಹುಡುಗನಿಗೆ ಸಿಟ್ಟು. "ಎಂಥ ಮಾಷ್ಟ್ರೇ ಇದು? ಹಾರ್ನ್ ಹೊಡೆದ್ರೆ ಬದಿಗೆ ಹೋಗುವುದು ಬಿಟ್ಟು ಅಡ್ಡ ಬರುವುದಾ?"

ಇಪ್ಪತ್ತು ವರ್ಷಗಳಿಂದ ಡ್ರೈವಿಂಗ್ ಕಲಿಸುತ್ತಿದ್ದೇನೆ. ಕನ್ನಡ, ಮಲಯಾಳ, ತುಳು, ಮೂರರಲ್ಲೂ ಈ ಮಾತು ಕೇಳಿದ್ದೇನೆ. ಅಜ್ಜ ಬೇಕೆಂದು ಅಡ್ಡ ಬಂದದ್ದಲ್ಲ. ಸೈಕಲ್‌ಗೆ ಕನ್ನಡಿ ಇಲ್ಲ. ಹಿಂದೆ ಏನಿದೆ ಅಂತ ತಿಳಿಯಬೇಕಾದರೆ ಕತ್ತು ತಿರುಗಿಸಬೇಕು. ಕತ್ತಿನ ಜೊತೆ ಹೆಗಲು ತಿರುಗುತ್ತದೆ, ಹೆಗಲಿನ ಜೊತೆ ಕೈ, ಕೈಯ ಜೊತೆ ಹ್ಯಾಂಡಲ್. ನಿಮ್ಮ ಮನೆಯ ಅಂಗಳದಲ್ಲೇ ಒಮ್ಮೆ ಸೈಕಲ್ ಹತ್ತಿ ಬಲಕ್ಕೆ ತಿರುಗಿ ನೋಡಿ, ಗೊತ್ತಾಗುತ್ತದೆ. ಹತ್ತಿರ ಬಂದು ಹಾರ್ನ್ ಹೊಡೆದರೆ ಸೈಕಲ್‌ನವರನ್ನು ನಾವೇ ನಮ್ಮ ಕಾರಿನ ಕಡೆಗೆ ಕರೆದ ಹಾಗೆ.

ಹಾರ್ನ್ ಬೇಡವೇ ಬೇಡ ಅನ್ನುವುದಿಲ್ಲ. ತಿರುವಿನಲ್ಲಿ ಬೇಕು. ಆದರೆ ದೂರದಿಂದಲೇ, ಚಿಕ್ಕದಾಗಿ ಒಂದು ಸಲ ಸಾಕು. ಸುಮ್ನೆ ಹಾರ್ನ್ ಹೊಡೆಯುತ್ತಾ ಹೋಗುವುದು ಅಪರಾಧವೂ ಹೌದು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಅದಕ್ಕೆ ಮೊದಲ ಸಲ 1,000 ರೂಪಾಯಿ, ಮತ್ತೆ ಸಿಕ್ಕಿದರೆ 2,000 ರೂಪಾಯಿ ದಂಡ ಇದೆ.

"ಬದಿಗೆ ಹೋಗಬಾರದಾ" ಅಂತ ಕೇಳುವವರಿಗೆ ನಾನು ಕಾರು ನಿಲ್ಲಿಸಿ, ಇಳಿಸಿ, ಬದಿಯನ್ನೇ ತೋರಿಸುತ್ತೇನೆ. ಅವತ್ತೂ ಹಾಗೇ ಮಾಡಿದೆ. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಎತ್ತರವಾಗಿದೆ. ಅಂಚಿನಿಂದ ಕೆಳಗೆ ಒಂದು ಗೇಣು ಇಳಿಜಾರು. ಅಲ್ಲಿ ಕೆಂಪು ಮಣ್ಣು, ಕಿತ್ತು ಬಂದ ಜಲ್ಲಿ, ಅದರಾಚೆ ಹುಲ್ಲು ಮುಚ್ಚಿದ ಚರಂಡಿ. ಸೈಕಲ್‌ನ ಸಪೂರ ಚಕ್ರ ಒಮ್ಮೆ ಆ ಅಂಚಿನಿಂದ ಕೆಳಗೆ ಇಳಿದರೆ ಮತ್ತೆ ಓರೆಯಾಗಿ ಹತ್ತುವುದಿಲ್ಲ, ಅಂಚಿಗೆ ಉಜ್ಜಿ ಮಗುಚುತ್ತದೆ. ಬೀಳುವುದು ಹೆಚ್ಚಾಗಿ ರಸ್ತೆಯ ಒಳಗಡೆಗೇ. ಮಳೆಗಾಲದಲ್ಲಿ ಅಂಚು ನೀರಿನಡಿ ಇರುತ್ತದೆ, ಗುಂಡಿ ಎಲ್ಲಿದೆ ಅಂತಲೂ ಕಾಣುವುದಿಲ್ಲ. ಹಾಗಾಗಿ ತಿಳಿದವರು ಅಂಚಿನಿಂದ ಎರಡು ಮೂರು ಅಡಿ ಒಳಗೇ ಸೈಕಲ್ ಬಿಡುತ್ತಾರೆ. ಹಿಂದಿನಿಂದ ನೋಡುವ ನಮಗೆ ಅದು ಅಹಂಕಾರದ ಹಾಗೆ ಕಾಣುತ್ತದೆ. ಅದು ಬೀಳದೆ ಹೋಗುವ ದಾರಿ ಅಷ್ಟೇ.

ಹೆದ್ದಾರಿಯ ಕಡೆಯೂ ಸುಖ ಇಲ್ಲ. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥ ಬಂದ ಮೇಲೆ ಸೈಕಲ್‌ನವರಿಗೆ ಉಳಿದದ್ದು ಸರ್ವಿಸ್ ರೋಡು. ಬಸ್ಸು, ರಿಕ್ಷಾ, ಸ್ಕೂಟರ್ ಎಲ್ಲ ಅಲ್ಲೇ.

ಹಾಗಾದರೆ ದಾಟುವುದು ಹೇಗೆ? ಜರ್ಮನಿಯಲ್ಲಿ 2020ರಿಂದ ಲೆಕ್ಕ ಸ್ಪಷ್ಟವಾಗಿದೆ: ಊರೊಳಗೆ ಸೈಕಲ್‌ನಿಂದ ಕನಿಷ್ಠ ಒಂದೂವರೆ ಮೀಟರ್, ಊರ ಹೊರಗೆ 2 ಮೀಟರ್ ಜಾಗ ಬಿಟ್ಟು ದಾಟಬೇಕು. ನಾನು ಕಲಿಸುವುದೂ ಒಂದೂವರೆ ಮೀಟರ್. ಅಳತೆಗೆ ಒಂದು ಉಪಾಯ ಹೇಳಿಕೊಡುತ್ತೇನೆ. ಕಾರಿನ ಎಡಬಾಗಿಲು ಪೂರ್ತಿ ತೆರೆದುಕೊಂಡರೂ ಸೈಕಲ್‌ಗೆ ತಾಗಬಾರದು, ಅದರಾಚೆ ಇನ್ನೂ ಒಂದು ಕೈ ಜಾಗ ಇರಬೇಕು. ಲಾರಿ, ಬಸ್ಸಿನವರು ಇದಕ್ಕಿಂತ ಜಾಸ್ತಿ ಬಿಡಬೇಕು. ದೊಡ್ಡ ಗಾಡಿ ಪಕ್ಕದಲ್ಲಿ ಹೋಗುವಾಗ ಗಾಳಿ ಮೊದಲು ಸೈಕಲ್ಲನ್ನು ಹೊರಗೆ ತಳ್ಳುತ್ತದೆ, ಆಮೇಲೆ ಒಳಗೆ ಎಳೆಯುತ್ತದೆ.

ಅಷ್ಟು ಜಾಗ ಇಲ್ಲದಿದ್ದರೆ? ಹಿಂದೆಯೇ ಹೋಗಿ. ಇಲ್ಲಿ ಹುಡುಗರು ಮುಖ ಸಪ್ಪೆ ಮಾಡುತ್ತಾರೆ. ಆಗ ಅವರ ಫೋನಿನಲ್ಲೇ ಲೆಕ್ಕ ಮಾಡಿಸುತ್ತೇನೆ. ಗಂಟೆಗೆ 15 ಕಿ.ಮೀ. ಹೋಗುವ ಸೈಕಲ್‌ನ ಹಿಂದೆ 200 ಮೀಟರ್ ಹೋದರೆ 48 ಸೆಕೆಂಡ್ ಬೇಕು. 40ರ ವೇಗದಲ್ಲಿ ಹೋದರೆ 18 ಸೆಕೆಂಡ್. ಉಳಿಯುವುದು ಬರೀ ಅರ್ಧ ನಿಮಿಷ. ಪೆರ್ಲದಲ್ಲಿ ಚಹಾ ಕುಡಿಯಲು ನಿಂತರೆ ಹತ್ತು ನಿಮಿಷ ಹೋಗುತ್ತದೆ ಅಲ್ವಾ?

ಇನ್ನೊಂದು ವಾದ ಇದೆ: "ರೋಡ್ ಟ್ಯಾಕ್ಸ್ ಕಟ್ಟುವುದು ನಾವು, ಅವರಿಗೆ ಏನು ಹಕ್ಕು?" ಅಂಗಡಿಯಲ್ಲಿ ಒಂದು ಸೋಪು ತೆಗೆದುಕೊಂಡರೂ ತೆರಿಗೆ ಕಟ್ಟುತ್ತೇವೆ, ರಸ್ತೆಗೆ ಆ ಹಣವೂ ಹೋಗುತ್ತದೆ. ಕಾನೂನಿನ ಪ್ರಕಾರ ಸೈಕಲ್ ಮೋಟಾರು ವಾಹನವೇ ಅಲ್ಲ, ಹಾಗಾಗಿ ಅದಕ್ಕೆ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಲೈಸೆನ್ಸ್ ಬೇಕಾದದ್ದು ನಮಗೆ, ಯಾಕೆಂದರೆ ಜೀವ ತೆಗೆಯುವಷ್ಟು ಭಾರ ಇರುವುದು ನಮ್ಮ ಕೈಯಲ್ಲಿ.

ನನಗೆ ನಿಜವಾಗಿ ಬೇಸರ ತರುವುದು ನಮ್ಮ ಕಲಿಕೆಯ ಕ್ರಮ. ಕೇರಳದಲ್ಲಿ ಕಾರಿನ ಲೈಸೆನ್ಸ್‌ಗೆ ಮೈದಾನದಲ್ಲಿ ಕಂಬಿಗಳ ನಡುವೆ 'ಎಚ್' ಹಾಕಬೇಕು, ಅಂದರೆ ಆ ಇಂಗ್ಲಿಷ್ ಅಕ್ಷರದ ಆಕಾರದಲ್ಲಿ ಕಾರು ಓಡಿಸಬೇಕು, ಬೈಕಿಗೆ '8'. ಕಂಬಿಗೆ ತಾಗದ ಹಾಗೆ ರಿವರ್ಸ್ ಬರಲು ಮಕ್ಕಳು ವಾರಗಟ್ಟಲೆ ಬೆವರು ಸುರಿಸುತ್ತಾರೆ. ಕಂಬಿ ನಿಂತಲ್ಲೇ ನಿಂತಿರುತ್ತದೆ. ಅದಕ್ಕೆ ಹೆದರಿಕೆ ಇಲ್ಲ, ಅದು ತಿರುಗಿ ನೋಡುವುದಿಲ್ಲ. ಸೈಕಲ್ ದಾಟುವುದನ್ನು ಕಲಿಯಲು ಒಂದು ದಿನವನ್ನೂ ಇಡುವುದಿಲ್ಲ.

ಹಾಗಾಗಿ ನಾನು ಮೈದಾನಕ್ಕೆ ಒಂದು ಹಳೆಯ ಸೈಕಲ್ ತರುತ್ತೇನೆ. ಕಲಿಯುವವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ನಾನು ಸೈಕಲ್ ಹಿಡಿದು ಎಡಗಡೆ ಹಿಂದಿನ ಬಾಗಿಲಿನ ಹತ್ತಿರ ನಿಲ್ಲುತ್ತೇನೆ. "ಕನ್ನಡಿಯಲ್ಲಿ ಕಾಣ್ತೇನಾ?" "ಇಲ್ಲ ಮಾಷ್ಟ್ರೇ." "ಈಗ ಕತ್ತು ತಿರುಗಿಸಿ ನೋಡು." ಕಿಟಕಿಯಲ್ಲಿ ನನ್ನ ಮುಖ ಕಂಡಾಗ ಕೆಲವರು ಬೆಚ್ಚಿ ಬೀಳುತ್ತಾರೆ. ಸೈಕಲ್ಲನ್ನು ದಾಟಿದ ಕೂಡಲೇ ಎಡಗಡೆಯ ಒಳದಾರಿಗೆ ಕಾರು ತಿರುಗಿಸುವುದು ಎಷ್ಟು ಅಪಾಯ ಅಂತ ಮತ್ತೆ ನಾನು ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

ಸೈಕಲ್‌ನವರಿಗೂ ಹೇಳಲಿಕ್ಕಿದೆ. ಒಂದು ಕೈಯಲ್ಲಿ ಕೊಡೆ ಹಿಡಿದು ಇಳಿಜಾರಿನಲ್ಲಿ ಬರಬೇಡಿ. ರಿಮ್ ಒದ್ದೆಯಾದರೆ ಬ್ರೇಕ್ ರಬ್ಬರ್ ಕೂಡಲೇ ಹಿಡಿಯುವುದಿಲ್ಲ, ಮಳೆಯಲ್ಲಿ ಮೊದಲೇ ಸ್ವಲ್ಪ ಸ್ವಲ್ಪ ಒತ್ತುತ್ತಾ ಇರಿ. ನಡೆಯುವಾಗ ಎದುರು ಬರುವ ಗಾಡಿ ಕಾಣುವ ಹಾಗೆ ಬಲಗಡೆ ಹೋಗಿ ಅಂತ ಶಾಲೆಯಲ್ಲಿ ಹೇಳುತ್ತಾರೆ. ಕೆಲವು ಮಕ್ಕಳು ಸೈಕಲ್ಲನ್ನೂ ಹಾಗೇ ಬಿಡುತ್ತಾರೆ. ಸೈಕಲ್ ಎಡಕ್ಕೇ ಇರಬೇಕು. ರಾತ್ರಿಯದ್ದು ಎಲ್ಲಕ್ಕಿಂತ ದೊಡ್ಡ ಕಷ್ಟ. ಬಂಗಾಳ, ಒಡಿಶಾ, ಅಸ್ಸಾಂ ಕಡೆಯಿಂದ ಬಂದ ಕೆಲಸದವರು ಸಂಜೆ ಕೆಲಸ ಬಿಟ್ಟು ಕಪ್ಪು ಅಂಗಿಯಲ್ಲಿ, ಲೈಟಿಲ್ಲದ ಸೈಕಲ್‌ನಲ್ಲಿ ಹೋಗುತ್ತಾರೆ. ಎದುರಿನ ಗಾಡಿಯ ಹೈ ಬೀಮ್ ಕಣ್ಣಿಗೆ ಹೊಡೆದಾಗ ಅವರು ನಮಗೆ ಕಾಣುವುದೇ ಇಲ್ಲ. ಅವರನ್ನು ಕೆಲಸಕ್ಕೆ ಇಟ್ಟುಕೊಂಡವರು ದಯವಿಟ್ಟು ಸೈಕಲ್‌ನ ಹಿಂದೆ ಒಂದು ಕೆಂಪು ಲೈಟ್ ಹಾಕಿಸಿಕೊಡಿ. ಅದಾಗದಿದ್ದರೆ ಹೊಳೆಯುವ ಟೇಪನ್ನಾದರೂ ಅಂಟಿಸಿ.

ಅವತ್ತು ಕಾರು ನಿಲ್ಲಿಸಿದಾಗ ಅಜ್ಜನೂ ಇಳಿದು ನಿಂತಿದ್ದರು. ಹುಡುಗನ ಹತ್ತಿರ ಅವರೇ ಹೇಳಿದರು, "ಹಾರ್ನ್ ಕೇಳಿದ್ರೆ ಕೈ ನಡುಗ್ತದೆ ಮಗಾ." ಹುಡುಗ ಏನೂ ಮಾತಾಡಲಿಲ್ಲ. ಜಾರಿದ್ದ ಹುಲ್ಲಿನ ಕಟ್ಟನ್ನು ಎತ್ತಿ ಹಗ್ಗ ಬಿಗಿದು ಕೊಟ್ಟ. ಅವನಿಗೆ ಮುಂದಿನ ವಾರ ಟೆಸ್ಟ್. ಅದಕ್ಕೆ ಮೊದಲು ಒಂದು ಬೆಳಿಗ್ಗೆ ಮೈದಾನದ ಸೈಕಲ್ ತೆಗೆದುಕೊಂಡು ಅದೇ ರಸ್ತೆಯಲ್ಲಿ ಉಕ್ಕಿನಡ್ಕದವರೆಗೆ ಹೋಗಿ ಬಾ ಅಂದಿದ್ದೇನೆ.